ಅಜ್ಜಿಯ ಕುಂಬಳದ ತಳಿ ಉಳಿಸಿಕೊಂಡ ಬಗೆ

ನಮ್ಮ ಹಿತ್ತಲಲ್ಲಿ ಸಿಹಿಕುಂಬಳದ ಒಂದು ಹಳೇ ತಳಿ ಇತ್ತು. ಚಪ್ಪಟೆ ಕಾಯಿ, ಮೈಮೇಲೆ ಆಳವಾದ ಗೀರು, ತೊಟ್ಟಿನ ಸುತ್ತ ಬೂದು ಮಚ್ಚೆ. ಅಜ್ಜಿ ವರ್ಷಾ ವರ್ಷ ಅದರ ಬೀಜ ಎತ್ತಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಎರಡೇ ವರ್ಷದಲ್ಲಿ ತಳಿ ಕೆಡಿಸಿಬಿಟ್ಟೆ.

ಅಂಗಡಿಯಿಂದ ತಂದ ಇನ್ನೊಂದು ಸಿಹಿಕುಂಬಳವನ್ನು ಅದೇ ಬೇಲಿಗೆ ಹಬ್ಬಿಸಿದ್ದೆ. ಆ ವರ್ಷ ಕಾಯಿಗಳು ಎಂದಿನಂತೆಯೇ ಇದ್ದವು. ಜೇನುನೊಣ ಪರಾಗ ಬೆರೆಸಿದ್ದು ಕಾಯಿಯ ಮೈಮೇಲೆ ಕಾಣುವುದಿಲ್ಲ, ಒಳಗಿನ ಬೀಜಕ್ಕೆ ಸೇರಿರುತ್ತದೆ. ಮರುವರ್ಷ ಆ ಬೀಜ ಬಿತ್ತಿದೆ. ಒಂದೊಂದು ಬಳ್ಳಿಯಲ್ಲಿ ಒಂದೊಂದು ಆಕಾರದ ಕಾಯಿ! ಅಜ್ಜಿಯ ಕುಂಬಳ ಒಂದೂ ಇರಲಿಲ್ಲ.

ಕೊನೆಗೆ ಚಿಕ್ಕಮ್ಮನ ಮನೆಯಲ್ಲಿ ಸಿಕ್ಕಿತು. ಅಜ್ಜಿ ಎಂದೋ ಕೊಟ್ಟ ಬೀಜವನ್ನು ಅವರು ಬೆಳೆಸುತ್ತಲೇ ಇದ್ದರು. ಅಜ್ಜಿ ಕೇಳಿದವರಿಗೆಲ್ಲ ಬೀಜ ಕೊಡುವುದನ್ನು ಸುಮ್ನೆ ಧಾರಾಳತನ ಅಂದುಕೊಂಡಿದ್ದೆ. ನಮ್ಮಲ್ಲಿ ಹೋದರೂ ಇನ್ನೊಬ್ಬರಲ್ಲಿ ಇರಲಿ ಎಂಬ ಲೆಕ್ಕ ಅದರಲ್ಲಿತ್ತು.

ಈಗ ಬೀಜದ ಕಾಯಿಗೆ ನಾನೇ ಪರಾಗ ಸವರುತ್ತೇನೆ. ಮರುದಿನ ಅರಳುವ ಮೊಗ್ಗು ಸಂಜೆಯೇ ಗೊತ್ತಾಗುತ್ತದೆ, ತುದಿ ಹಳದಿಗೆ ತಿರುಗಿರುತ್ತದೆ. ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು. ಒಂದು ಹೆಣ್ಣು ಮೊಗ್ಗು, ಅದೇ ತಳಿಯ ಬೇರೆ ಬಳ್ಳಿಯ ಎರಡು ಗಂಡು ಮೊಗ್ಗು, ಇವುಗಳ ತುದಿಗೆ ದಾರ ಕಟ್ಟಿಬಿಡುತ್ತೇನೆ. ಬೆಳಕು ಹರಿಯುತ್ತಲೇ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ ಮತ್ತೆ ಕಟ್ಟುತ್ತೇನೆ. ಬೆರಳಿಗೆಲ್ಲ ಹಳದಿ ಪುಡಿ. ಬಿಸಿಲೇರಿದರೆ ಹೂ ಬಾಡುತ್ತದೆ, ತಡ ಮಾಡುವ ಹಾಗಿಲ್ಲ. ತೊಟ್ಟಿಗೊಂದು ಕೆಂಪು ದಾರ ಇರಲೇಬೇಕು, ಇಲ್ಲದಿದ್ದರೆ ಯಾರಾದರೂ ಅಡುಗೆಗೆ ಕೊಯ್ದುಬಿಡುತ್ತಾರೆ. ಬೂದುಗುಂಬಳ ಪಕ್ಕದಲ್ಲಿದ್ದರೆ ಚಿಂತೆಯಿಲ್ಲ, ಇವೆರಡೂ ಬೆರೆಯುವುದಿಲ್ಲ.

ಉಳಿದದ್ದು ಅಜ್ಜಿಯ ಪಾಠವೇ. ಉಗುರು ಊರದಷ್ಟು ಸಿಪ್ಪೆ ಗಟ್ಟಿಯಾಗಬೇಕು. ಕಿತ್ತ ಮೇಲೂ ಒಂದು ತಿಂಗಳು ಕಾಯಬೇಕು, ಅಷ್ಟರಲ್ಲಿ ಬೀಜ ಇನ್ನಷ್ಟು ತುಂಬಿಕೊಳ್ಳುತ್ತದೆ. ತೊಳೆದು ನೆರಳಲ್ಲಿ ಒಣಗಿಸಿದ ಬೀಜ ಬಗ್ಗಿಸಿದರೆ ಟಪ್ ಅಂತ ಮುರಿಯಬೇಕು. ಆಮೇಲೆ ಜರಡಿ ಹಿಡಿದ ಒಲೆಬೂದಿ ಬೆರೆಸಿ ಡಬ್ಬಿಗೆ ತುಂಬುವುದು. ಬೂದಿ ತೇವ ಹೀರುತ್ತದೆ, ಹುಳುವನ್ನೂ ತಡೆಯುತ್ತದೆ. ಚೆಂದದ ಒಂದೇ ಕಾಯಿಯ ಬೀಜ ಸಾಕು ಅನಿಸುತ್ತದೆ ಅಲ್ವಾ? ಅಜ್ಜಿ ಒಪ್ಪುತ್ತಿರಲಿಲ್ಲ. ನಾಲ್ಕಾರು ಬಳ್ಳಿಗಳಿಂದ ತೆಗೆಯುತ್ತಿದ್ದರು. ಒಂದು ಬಳ್ಳಿ ಬರ ತಾಳುತ್ತದೆ, ಇನ್ನೊಂದು ರೋಗ ತಾಳುತ್ತದೆ, ಎಲ್ಲವೂ ಡಬ್ಬಿಯಲ್ಲಿರಲಿ ಅನ್ನುತ್ತಿದ್ದರು.

ಈ ಸಲದ ಬೀಜ ಮೂರು ಮನೆಗೆ ಕೊಟ್ಟೆ. ಒಂದು ಹಿಡಿ ಚಿಕ್ಕಮ್ಮನಿಗೇ ವಾಪಸ್ ಹೋಯಿತು. ಜಾಸ್ತಿ ಮಳೆಗೆ ಅವರ ಬಳ್ಳಿಗಳೆಲ್ಲ ಕೊಳೆತುಹೋಗಿದ್ದವು.