ನೆನೆದ ಮೇಲೂ ಭಾರ ಹೊರುವ ಮೆಗ್ನೀಸಿಯಂ: ನನ್ನ ಅನುಭವ

ಮುರಿದ ಮೂಳೆ ಕೂಡಿಸಲು ಹಾಕುವ ಸ್ಟೀಲ್ ಪ್ಲೇಟಿನ ಸ್ಟಿಫ್‌ನೆಸ್ (ಭಾರಕ್ಕೆ ಬಾಗದ ಬಿಗಿತ) ಸುಮಾರು 200 ಗಿಗಾಪ್ಯಾಸ್ಕಲ್. ಟೈಟಾನಿಯಂ ಮಿಶ್ರಲೋಹದ್ದು 110. ನಮ್ಮ ಮೂಳೆಯ ಗಟ್ಟಿ ಹೊರಪದರದ್ದು 20ರ ಆಸುಪಾಸು ಅಷ್ಟೇ. ಹಾಗಾಗಿ ಭಾರವನ್ನೆಲ್ಲ ಲೋಹವೇ ಹೊತ್ತುಬಿಡುತ್ತದೆ, ಕೆಲಸವಿಲ್ಲದ ಮೂಳೆ ಸೊರಗುತ್ತದೆ. ಮೆಗ್ನೀಸಿಯಂ 45ರ ಹತ್ತಿರ ಇದೆ. ಮೈಯೊಳಗೇ ನಿಧಾನಕ್ಕೆ ಕರಗುತ್ತದೆ, ತೆಗೆಯಲು ಇನ್ನೊಂದು ಆಪರೇಷನ್ ಬೇಡ. ನಾನು ಈ ಲೋಹದ ಹಿಂದೆ ಬಿದ್ದದ್ದು ಇದಕ್ಕೇ.

ತೊಡಕು ಹಳೆಯದು. ಬೆಲ್ಜಿಯಂನ ಸರ್ಜನ್ ಆಲ್ಬಿನ್ ಲಾಂಬೋಟ್ ನೂರು ವರ್ಷಕ್ಕೂ ಹಿಂದೆ ಮೆಗ್ನೀಸಿಯಂ ಪ್ಲೇಟನ್ನು ಸ್ಟೀಲ್ ಮೊಳೆಗಳಿಂದ ಕೂರಿಸಿದರು. 8 ದಿನದಲ್ಲಿ ಪ್ಲೇಟ್ ಪುಡಿಯಾಯಿತು, ಚರ್ಮದಡಿ ಗ್ಯಾಸ್ ತುಂಬಿತು. ಎರಡು ಬೇರೆ ಲೋಹ ಒದ್ದೆಯಲ್ಲಿ ತಾಗಿಕೊಂಡರೆ ಮೆಗ್ನೀಸಿಯಂ ಬೇಗ ಸವೆಯುತ್ತದೆ.

ಈ ತೊಡಕಿಗೆ ದಾರಿ ಹುಡುಕುತ್ತಾ ನಾವು ಮೆಗ್ನೀಸಿಯಂಗೆ ಸ್ವಲ್ಪ ಸತು ಸೇರಿಸಿ, ಮೂಳೆಯ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟ್ ಪುಡಿ ಬೆರೆಸಿದೆವು. ಮೆಗ್ನೀಸಿಯಂ 650 ಡಿಗ್ರಿಗೆ ಕರಗುತ್ತದೆ, ಆಗ ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಮೇಲೆ ಗಾಳಿ ತಾಗದಂತೆ ಆರ್ಗಾನ್ ಗ್ಯಾಸ್, ಪಕ್ಕದಲ್ಲಿ ಒಣ ಮರಳು. ನೀರು ಮಾತ್ರ ಹತ್ತಿರ ಸುಳಿಯಬಾರದು. ಪುಡಿಯನ್ನು ಮೊದಲೇ ಬಿಸಿ ಮಾಡಿ ತೇವ ತೆಗೆದು, ಕಲಕುತ್ತಾ ಸ್ವಲ್ಪ ಸ್ವಲ್ಪವೇ ಬಿಡಬೇಕು. ಉಪ್ಪಿಟ್ಟಿಗೆ ರವೆ ಸುರಿದ ಹಾಗೆಯೇ, ಒಮ್ಮೆಲೇ ಹಾಕಿದರೆ ಗಂಟು ಗ್ಯಾರಂಟಿ. ಎರಕ ಆದ ಮೇಲೆ ಬಿಸಿ ಎಕ್ಸ್‌ಟ್ರೂಷನ್ (ಬಿಸಿ ಲೋಹವನ್ನು ಅಚ್ಚಿನ ಕಂಡಿಯಿಂದ ಒತ್ತಿ ಹೊರಡಿಸುವುದು) ಮಾಡಿದರೆ ಒಳಗಿನ ತೂತುಗಳು ಬಹುಪಾಲು ಮುಚ್ಚಿಕೊಳ್ಳುತ್ತವೆ.

ನನಗೆ ಜಾಸ್ತಿ ಕಲಿಸಿದ್ದು ನೆನೆಸುವ ಪರೀಕ್ಷೆ. ತುಂಡನ್ನು 37 ಡಿಗ್ರಿಯ ಹ್ಯಾಂಕ್ಸ್ ದ್ರಾವಣದಲ್ಲಿ (ಮೈಯೊಳಗಿನ ದ್ರವವನ್ನು ಹೋಲುವ ಉಪ್ಪುನೀರು) ಇಟ್ಟು, ಮೇಲೆ ಆಲಿಕೆ ಬೋರಲು ಹಾಕಿ, ಅದರ ಮೇಲೆ ಬ್ಯೂರೆಟ್ (ಅಳತೆ ಗೆರೆಗಳಿರುವ ಗಾಜಿನ ಕೊಳವೆ) ನಿಲ್ಲಿಸುತ್ತೇವೆ. 1 ಗ್ರಾಂ ಮೆಗ್ನೀಸಿಯಂ ಕರಗಿದರೆ ಸುಮಾರು 1 ಲೀಟರ್ ಹೈಡ್ರೋಜನ್ ಬರುತ್ತದೆ, ಹಾಗಾಗಿ ಗ್ಯಾಸ್ ಅಳೆದರೆ ಸವೆತ ಗೊತ್ತಾಗುತ್ತದೆ. ಒಳ್ಳೆಯ ತುಂಡಿನ ಮೈಯಿಂದೆಲ್ಲ ಸಣ್ಣ ಗುಳ್ಳೆ ಏಳುತ್ತವೆ. ಕೆಲವದರಲ್ಲಿ ಒಂದೇ ಜಾಗದಿಂದ ಸಾಲಾಗಿ ಬರುತ್ತವೆ. ಆ ಜಾಗ ಕತ್ತರಿಸಿ ಪಾಲಿಶ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪುಡಿಯ ಗಂಟು, ಅದರ ಸುತ್ತ ಆಳದ ಕುಳಿ. ಭಾರ ಹಾಕಿದಾಗ ತುಂಡು ಮುರಿಯುವುದೂ ಆ ಕುಳಿಯಲ್ಲೇ.

ಒಣ ತುಂಡಿನ ಬಲ ಅಳೆದು ಖುಷಿಪಟ್ಟರೆ ಸಾಲದು ಅನ್ನುವುದು ಇದಕ್ಕೇ. ಮೂಳೆ ಕೂಡಲು ವಾರಗಟ್ಟಲೆ ಬೇಕು, ಅಷ್ಟೂ ದಿನ ಇಂಪ್ಲಾಂಟ್ ಒದ್ದೆಯಲ್ಲೇ ಭಾರ ಹೊರಬೇಕು ಅಲ್ವಾ? ಜರ್ಮನಿಯ ಮೆಗ್ನೀಸಿಯಂ ಸ್ಕ್ರೂಗೆ 2013ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ತೊಡೆಮೂಳೆಯ ಪೂರ್ತಿ ಭಾರಕ್ಕೆ ಈ ಲೋಹ ಇನ್ನೂ ಸಜ್ಜಾಗಿಲ್ಲ. ಪುಡಿ ಹೆಚ್ಚಿದಷ್ಟೂ ಗಂಟು ಹೆಚ್ಚು, ಹಾಗಾಗಿ ನಾನು ತೂಕದ ಶೇ. 5ಕ್ಕೆ ನಿಲ್ಲಿಸಿದ್ದೇನೆ. ಪ್ರತಿ ಎರಕದಿಂದಲೂ ಒಂದಿಷ್ಟು ತುಂಡು ನೆನೆಸಿಟ್ಟು, ವಾರವಾರ ತೆಗೆದು, ಒದ್ದೆ ಇರುವಾಗಲೇ ಮುರಿದು ನೋಡುತ್ತೇನೆ.