ಪಿಕಪ್‌ನ ಸ್ಪೀಕರ್‌ಗಳಲ್ಲಿ ಸಿಳ್ಳೆ ಸದ್ದು: ದೋಷವಿದ್ದದ್ದು ಅರ್ಥಿಂಗ್‌ನಲ್ಲಿ

ನನ್ನ ಪಿಕಪ್‌ನ ಸೀಟಿನ ಹಿಂದೆ ನಾಲ್ಕು ಚಾನೆಲ್‌ಗಳ ಆಂಪ್ಲಿಫೈಯರ್ ಕೂರಿಸಿದಂದಿನಿಂದ ಸ್ಪೀಕರ್‌ಗಳಲ್ಲಿ ಸಿಳ್ಳೆಯಂಥ ಸದ್ದು ಕೇಳಿಸುತ್ತಿತ್ತು. ಎಂಜಿನ್ ನಿಂತಾಗ ಅದು ಇರುತ್ತಿರಲಿಲ್ಲ; ಆಕ್ಸಿಲರೇಟರ್ ಒತ್ತಿದಷ್ಟೂ ಶ್ರುತಿ ಏರುತ್ತಿತ್ತು, ವಾಲ್ಯೂಮ್ ಸೊನ್ನೆಗಿಳಿಸಿದರೂ ಹೋಗುತ್ತಿರಲಿಲ್ಲ.

ವಿದ್ಯುತ್ ತಂತಿಗೆ ನಾಯ್ಸ್ ಫಿಲ್ಟರ್ ಹಾಕಿದೆ, ಸ್ಟೀರಿಯೊದಿಂದ ಆಂಪ್ಲಿಫೈಯರ್‌ಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಬದಲಿಸಿದೆ, ಬಳಿಕ ಅದನ್ನು ಬ್ಯಾಟರಿ ತಂತಿಯಿಂದ ದೂರ, ಕ್ಯಾಬಿನ್ನಿನ ಇನ್ನೊಂದು ಬದಿಗೆ ಒಯ್ದೆ. ಕೊನೆಯದು ಹೇಗೂ ಮಾಡಲೇಬೇಕಾದ ಕೆಲಸ. ಆದರೆ ಸದ್ದು ನಿಲ್ಲಲಿಲ್ಲ.

ಕಡೆಗೆ ಎಂಜಿನ್ ಚಾಲೂ ಇಟ್ಟು, ಹಾಡನ್ನು ಜೋರಾಗಿ ಹಾಕಿ, ಆಂಪ್ಲಿಫೈಯರ್‌ನ ನೆಗೆಟಿವ್ ಟರ್ಮಿನಲ್‌ಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ಮಲ್ಟಿಮೀಟರ್‌ನಿಂದ ಡಿಸಿ ವೋಲ್ಟ್ ಅಳೆದಾಗ 0.6 ತೋರಿಸಿತು, ಅದು 0.1ಕ್ಕಿಂತ ಕಡಿಮೆ ಇರಬೇಕು. ಆಂಪ್ಲಿಫೈಯರ್‌ನ ನೆಗೆಟಿವ್ (ಅರ್ಥಿಂಗ್) ತಂತಿಯನ್ನು ಬಣ್ಣ ಬಳಿದ ಸೀಟಿನ ಬೋಲ್ಟಿಗೆ ಬಿಗಿದದ್ದೇ ದೋಷವಾಗಿತ್ತು; ಬಣ್ಣದಿಂದಾಗಿ ಲೋಹದೊಂದಿಗೆ ಸಂಪರ್ಕ ಸರಿಯಾಗಿರಲಿಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ಸಂಪರ್ಕ ಕಳಚಿದೆ. ಕ್ಯಾಬಿನ್ನಿನ ಹಿಂಗೋಡೆಯ ದಪ್ಪ ತಗಡಿನಲ್ಲಿ, ಆಚೆ ಬದಿಯಲ್ಲಿ ಇಂಧನ ಅಥವಾ ಬ್ರೇಕ್ ಪೈಪ್ ಇಲ್ಲದ ಜಾಗ ನೋಡಿಕೊಂಡು, ನಾಣ್ಯದಗಲ ಬಣ್ಣವನ್ನು ಹೊಳೆಯುವ ಲೋಹ ಕಾಣುವತನಕ ಉಜ್ಜಿ ತೆಗೆದೆ. ಪಾಸಿಟಿವ್ ತಂತಿಯಷ್ಟೇ ದಪ್ಪದ, ಅಂದರೆ 4 ಗೇಜಿನ, 40 ಸೆಂಟಿಮೀಟರ್ ತಂತಿಯ ತುದಿಗೆ ರಿಂಗ್ ಲಗ್ (ಬೋಲ್ಟ್ ತೂರಿಸುವ ಉಂಗುರದಂಥ ಲೋಹದ ತುದಿ) ಒತ್ತಿ, ಹಲ್ಲಿನ ವಾಷರ್ ಇಟ್ಟು ಬೋಲ್ಟಿನಿಂದ ಬಿಗಿದೆ. ತುಕ್ಕು ಹಿಡಿಯದಂತೆ ಬಿಗಿದ ಮೇಲಷ್ಟೇ ಬಣ್ಣ ಹಚ್ಚಬೇಕು, ಮೊದಲಲ್ಲ. ಸ್ಟೀರಿಯೊದ ನೆಗೆಟಿವನ್ನೂ ಇದೇ ಬೋಲ್ಟಿಗೆ ತಂದೆ. ಬ್ಯಾಟರಿಯ ನೆಗೆಟಿವ್‌ನಿಂದ ಚಾಸಿಗೆ (ಗಾಡಿಯ ಲೋಹದ ಚೌಕಟ್ಟಿಗೆ) ಹೋಗುವ ತೆಳು ತಂತಿಯ ಜೊತೆಗೆ ಇನ್ನೊಂದು 4 ಗೇಜಿನ ತಂತಿ ಹಾಕಿದೆ. ಈಗ ಅಳತೆ 0.04, ಸಿಳ್ಳೆ ಪೂರ್ತಿ ನಿಂತಿದೆ.

ಆಂಪ್ಲಿಫೈಯರ್‌ನ ಗೇನ್, ಅಂದರೆ ಒಳಬರುವ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂಬುದರ ಗುಂಡಿ, ಹೊಂದಿಸಿದ್ದು ಇದಾದ ನಂತರ. ಸ್ಪೀಕರ್ ತಂತಿ ಬಿಚ್ಚಿ, ಆಂಪ್ಲಿಫೈಯರ್‌ನೊಳಗಿನ ಫಿಲ್ಟರ್‌ಗಳನ್ನು ಆಫ್ ಮಾಡಿ, ಸ್ಟೀರಿಯೊದ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, 50 ಹರ್ಟ್ಜ್ ಸ್ವರ ನುಡಿಸುತ್ತ, ಔಟ್‌ಪುಟ್‌ನಲ್ಲಿ 17.3 ಎಸಿ ವೋಲ್ಟ್ ಬರುವತನಕ ತಿರುಗಿಸಿದೆ. 4 ಓಮ್‌ಗೆ 75 ವಾಟ್ ಕೊಡುವ ಚಾನೆಲ್‌ಗೆ ಇದೇ ಲೆಕ್ಕ: 75 ಮತ್ತು 4ರ ಗುಣಲಬ್ಧದ ವರ್ಗಮೂಲ. ಕೊನೆಗೆ ಬಾಗಿಲಿನ ಸ್ಪೀಕರ್‌ಗಳಿಗೆ 80 ಹರ್ಟ್ಜ್‌ನಲ್ಲಿ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸ್ವರಗಳನ್ನು ತಗ್ಗಿಸುವುದು) ಇಟ್ಟೆ.