ಹನ್ನೆರಡರ ಚುಕ್ಕಿ, ನಾಲ್ಕರ ಕುಣಿಕೆ

ಹಾಸನದಿಂದ ಬೇಲೂರಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿನ ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡಿಕೊಂಡೇ ಪಿಎಚ್.ಡಿ.ಗೆ ಸೇರಿದ್ದೆ. ಓದಿಗೆ ಸಿಗುತ್ತಿದ್ದದ್ದು ಆ ಒಂದು ಗಂಟೆ, ಅದೂ ಸೀಟು ಸಿಕ್ಕರೆ. ರಿಂಗ್ ಅಂದರೆ ಕೂಡುವುದು, ಕಳೆಯುವುದು, ಗುಣಿಸುವುದು ನಡೆಯುವ ಅಂಶಗಳ ಗುಂಪು; ಆ ರಿಂಗ್ ಥಿಯರಿ ಎಂ.ಎಸ್ಸಿ.ಯಲ್ಲಿ ಬಾಯಿಪಾಠ ಆಗಿತ್ತೇ ಹೊರತು ಕಣ್ಣಿಗೆ ಏನೂ ಕಟ್ಟಿರಲಿಲ್ಲ. ಒಂದು ದಿನ ಗೈಡ್ ಮೇಡಂ, "ಥಿಯರಂ ಆಮೇಲೆ ಓದ್ಕೊಳ್ಳಿ. ಮೊದಲು 12ರ ಗ್ರಾಫ್ ಬರ್ಕೊಂಡು ಬನ್ನಿ" ಅಂದರು.

12ರದ್ದು ಗಡಿಯಾರದ ಲೆಕ್ಕ. 12 ಬಂದರೆ ಅದು 0, 24, 36 ಬಂದರೂ 0. ಮೂರ್ ನಾಕ್ಲಿ ಹನ್ನೆರಡು, ಅಂದರೆ ಇಲ್ಲಿ ಸೊನ್ನೆ. 3 ಸೊನ್ನೆ ಅಲ್ಲ, 4 ಕೂಡ ಅಲ್ಲ, ಗುಣಿಸಿದರೆ ಮಾತ್ರ ಸೊನ್ನೆ. ಇಂಥವಕ್ಕೆ ಝೀರೋ ಡಿವೈಸರ್ ಅನ್ನುತ್ತಾರೆ. 12ರಲ್ಲಿ ಇವು ಏಳು: 2, 3, 4, 6, 8, 9, 10. ಒಂದೊಂದಕ್ಕೂ ಒಂದು ಚುಕ್ಕಿ ಇಡಬೇಕು, ಗುಣಿಸಿದಾಗ ಸೊನ್ನೆ ಬರುವ ಜೋಡಿಗೆ ಗೆರೆ ಎಳೆಯಬೇಕು; ಈ ಚಿತ್ರವೇ ಗ್ರಾಫ್. 1988ರಲ್ಲಿ ಬೆಕ್ ಎಂಬವರು ಶುರು ಮಾಡಿದ ಯೋಚನೆ ಇದು. ಅವರು 0 ಸಮೇತ ಎಲ್ಲಕ್ಕೂ ಚುಕ್ಕಿ ಇಟ್ಟಿದ್ದರು. ಈಗ ಎಲ್ಲರೂ ಬರೆಯುವ ರೂಪ ಆಂಡರ್ಸನ್ ಮತ್ತು ಲಿವಿಂಗ್‌ಸ್ಟನ್ 1999ರಲ್ಲಿ ಕೊಟ್ಟದ್ದು.

ನಾನು ಚುಕ್ಕಿಗಳನ್ನು ಗಡಿಯಾರದ ಹಾಗೆ ಸುತ್ತಲೂ ಇಟ್ಟು ಎಂಟು ಗೆರೆ ಎಳೆದೆ. ಒಂದರ ಮೇಲೊಂದು ಹಾದು ಗೋಜಲಾಯಿತು. ಬೆಳಿಗ್ಗೆ ರಂಗೋಲಿ ಹಾಕಿ ಒಳಗೆ ಬಂದ ಅಮ್ಮ ಮೇಜಿನ ಮೇಲೆ ಇದನ್ನು ನೋಡಿ, "ಏನೋ ಇದು, ಚುಕ್ಕಿನೇ ಸರಿಯಾಗಿ ಇಟ್ಟಿಲ್ವಲ್ಲ" ಅಂದರು. ಸುಮ್ನೆ ನಗುತ್ತಾ ಲೆಕ್ಕ ವಿವರಿಸಿದೆ. ಅವರು ಲೆಕ್ಕ ಕೇಳಿಸಿಕೊಳ್ಳಲಿಲ್ಲ, ಗೆರೆ ನೋಡಿದರು. "4ಕ್ಕೂ 8ಕ್ಕೂ ಒಂದೇ ಥರ ಗೆರೆ ಇದೆ ಕಣೋ. ಒಂದನ್ನ ಎಡಕ್ಕಿಡು, ಒಂದನ್ನ ಬಲಕ್ಕಿಡು."

ಹಾಗೇ ಮಾಡಿದೆ. ಮಧ್ಯದಲ್ಲಿ 6, 3, 9 ಮೇಲಿನಿಂದ ಕೆಳಗೆ, ಎಡಕ್ಕೆ 4, ಬಲಕ್ಕೆ 8, 6ರ ತಲೆ ಮೇಲೆ 2 ಮತ್ತು 10 ಎರಡು ಕೊಂಬಿನ ಹಾಗೆ. ಒಂದು ಗೆರೆಯೂ ಇನ್ನೊಂದನ್ನು ದಾಟಲಿಲ್ಲ.

ಅಮ್ಮ ಹೇಳಿದ್ದರಲ್ಲಿ ಗಣಿತವೂ ಇತ್ತು. 12ರ ಜೊತೆ 4ಕ್ಕೂ 8ಕ್ಕೂ ಇರುವ ಮ.ಸಾ.ಅ. (ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಒಂದೇ, 4. 3ಕ್ಕೂ 9ಕ್ಕೂ 3. 2ಕ್ಕೂ 10ಕ್ಕೂ 2. ಮ.ಸಾ.ಅ. ಒಂದೇ ಆದರೆ ಗೆರೆ ಹೋಗುವ ಮನೆಗಳೂ ಒಂದೇ. ಹಾಗಾದರೆ ಅವಳಿಗಳನ್ನು ಒಂದೇ ಚುಕ್ಕಿ ಮಾಡಿಬಿಟ್ಟರಾಯಿತು ಅಲ್ವಾ? ಮಾಡಿದೆ. ಏಳು ಚುಕ್ಕಿ ನಾಲ್ಕಾಗಿ 2, 6, 4, 3 ಸಾಲಾಗಿ ನಿಂತವು. ಆಮೇಲೆ 360 ತಗೊಂಡೆ. ಅದರಲ್ಲಿ 263 ಝೀರೋ ಡಿವೈಸರ್‌ಗಳು; ಹೀಗೆ ಮಡಚಿದರೆ 22 ಚುಕ್ಕಿ. ಎರಡು ಬಸ್ ಪ್ರಯಾಣದಲ್ಲಿ ಮುಗಿಯಿತು. ಹೊಸದೇನೋ ಕಂಡುಹಿಡಿದೆ ಅಂತ ಬೀಗಿದ್ದೆ. ಮೇಡಂ ನಕ್ಕು, ಇದಕ್ಕೆ ಕಂಪ್ರೆಸ್ಡ್ ಗ್ರಾಫ್ ಅನ್ನೋ ಹೆಸರು ಆಗಲೇ ಇದೆ ಅಂದರು.

ಈ ಸಾಲಿನಿಂದಲೇ ಇನ್ನೊಂದು ಥಿಯರಂ ತಲೆಗೆ ಹೋಯಿತು: ಯಾವ ಎರಡು ಚುಕ್ಕಿಯಾದರೂ ಮೂರು ಗೆರೆಯೊಳಗೆ ಮುಟ್ಟಬಹುದು. 2ರಿಂದ 3ಕ್ಕೆ ಹೋಗಬೇಕಾದರೆ 6, 4 ದಾಟಬೇಕು, ಸರಿಯಾಗಿ ಮೂರು. ಎಲ್ಲ ಕಮ್ಯುಟೇಟಿವ್ ರಿಂಗ್‌ಗೂ (ಯಾವ ಕ್ರಮದಲ್ಲಿ ಗುಣಿಸಿದರೂ ಉತ್ತರ ಒಂದೇ ಇರುವಂಥದ್ದಕ್ಕೆ) ಇದೇ ಮಿತಿ. ಎಕ್ಸ್‌ನ ನಂಟ, ಅಂದರೆ ಗೆರೆಯಿಂದ ಸೇರಿದ ಚುಕ್ಕಿ, ಎ; ವೈನ ನಂಟ ಬಿ ಅಂದುಕೊಳ್ಳಿ. ಎ-ಬಿ ಗುಣಿಸಿದರೆ ಸೊನ್ನೆಯಾದರೆ ಎಕ್ಸ್, ಎ, ಬಿ, ವೈ ಅಂತ ದಾರಿ. ಆಗದಿದ್ದರೆ ಆ ಗುಣಲಬ್ಧವೇ ಇಬ್ಬರಿಗೂ ನಂಟ, ದಾರಿ ಇನ್ನೂ ಹತ್ತಿರ. ಪುಸ್ತಕದಲ್ಲಿ ಇದನ್ನೇ ನಾಲ್ಕು ಸಲ ಓದಿದ್ದೆ.

ಆಮೇಲೆ ಎಡವಿದೆ. ಗ್ರಾಫ್ ಗೊತ್ತಿದ್ದರೆ ರಿಂಗ್ ಗೊತ್ತಾದ ಹಾಗೆಯೇ ಅಂತ ನಂಬಿ, ಅದನ್ನೇ ನೆಚ್ಚಿ ಎರಡು ಪುಟ ಬರೆದು ಕೊಟ್ಟೆ. ಹಾಳೆ ವಾಪಸ್ ಬಂದಾಗ ಅಂಚಿನಲ್ಲಿ ಇದ್ದದ್ದು ಎರಡೇ ಅಂಕೆ: 6, 8. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆದು ನೋಡಿದೆ. 6ರ ಗಡಿಯಾರದಲ್ಲಿ 2–3–4. 8ರ ಗಡಿಯಾರದಲ್ಲಿ 2–4–6. ಎರಡೂ ಮೂರು ಚುಕ್ಕಿ, ಎರಡು ಗೆರೆ. ಹೊರಗಿನಿಂದ ವ್ಯತ್ಯಾಸವೇ ಇಲ್ಲ. ನಾಚಿಕೆ ಆಯಿತು. ಇಷ್ಟು ಚಿಕ್ಕ ಲೆಕ್ಕ ಮಾಡದೆ ಎರಡು ಪುಟ ಬರೆದಿದ್ದೆ!

ತಪ್ಪು ಎಲ್ಲಿ ಅಂತ ಹುಡುಕಿದಾಗ ಸಿಕ್ಕಿದ್ದು ಕುಣಿಕೆ. 8ರಲ್ಲಿ 4ನ್ನು 4ರಿಂದಲೇ ಗುಣಿಸಿದರೆ 16, ಅಂದರೆ ಸೊನ್ನೆ. ಹಾಗಾದರೆ 4ರಿಂದ 4ಕ್ಕೇ ಒಂದು ಕುಣಿಕೆ ಬೀಳಬೇಕು. ರೂಢಿಯಲ್ಲಿ ಇದನ್ನು ಬರೆಯುವುದಿಲ್ಲ, ನಾನೂ ಬಿಟ್ಟಿದ್ದೆ. 6ರಲ್ಲಿ ಅಂಥದ್ದು ಒಂದೂ ಇಲ್ಲ. ಈಗ ಎಲ್ಲ ಚಿತ್ರದಲ್ಲೂ ಕೆಂಪು ಪೆನ್ನಿನಲ್ಲಿ ಕುಣಿಕೆ ಹಾಕಿಕೊಳ್ಳುತ್ತೇನೆ.

ಅದೂ ಸಾಲದು. 0, 1 ಮಾತ್ರ ಗುಣಾಂಕವಾಗಿರುವ ಪಾಲಿನಾಮಿಯಲ್‌ಗಳನ್ನು (ಬಹುಪದೋಕ್ತಿಗಳನ್ನು) ತಗೊಂಡು, ಎಕ್ಸ್ ಘನವನ್ನು ಸೊನ್ನೆ ಅಂತ ಇಟ್ಟರೆ ಎಂಟೇ ಅಂಶಗಳ ಇನ್ನೊಂದು ರಿಂಗ್ ಬರುತ್ತದೆ. ಅದರಲ್ಲೂ ಮೂರು ಚುಕ್ಕಿ, ಎರಡು ಗೆರೆ, ನಡುವಿನದಕ್ಕೆ ಒಂದು ಕುಣಿಕೆ. 8ರದ್ದನ್ನು ಅದರ ಮೇಲಿಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಆದರೆ ಒಂದರಲ್ಲಿ 1 ಮತ್ತು 1 ಕೂಡಿದರೆ 2, ಇನ್ನೊಂದರಲ್ಲಿ ಸೊನ್ನೆ. ನನ್ನ ಗೆರೆಗಳೆಲ್ಲ ಗುಣಾಕಾರದವು, ಕೂಡುವುದು ಅವಕ್ಕೆ ಕಾಣುವುದೇ ಇಲ್ಲ. ಈಗ ಕೂಡುವುದಕ್ಕೂ ಬೇರೆ ಬಣ್ಣದಲ್ಲಿ ಗೆರೆ ಎಳೆದು ನೋಡುತ್ತಿದ್ದೇನೆ. ಸದ್ಯಕ್ಕೆ ಮತ್ತೆ ಗೋಜಲೇ.